ನಿಂತ ಕಂಬ, ಬಂದ ಮರ

ಹರಿಹರದಲ್ಲಿ ತುಂಗಭದ್ರೆಯ ಹಳೆಯ ಸೇತುವೆ ಕಟ್ಟಿ ಮುಗಿದದ್ದು 1868ರಲ್ಲಿ. ತಲಾ 60 ಅಡಿ ಹರವಿನ 14 ಕಮಾನುಗಳು. ತಗಲಿದ ವೆಚ್ಚ ಹತ್ತಿರ ಹತ್ತಿರ 3 ಲಕ್ಷ ರೂಪಾಯಿ. ಇಂಥ ಸೇತುವೆಯ ಮೇಲೆ ನಿಂತು ಮಳೆಗಾಲದ ಕೆನ್ನೀರನ್ನು ನೋಡಿದವರಿಗೆ ಈ ನೋಟ ಹೊಸದಲ್ಲ: ಬೇರು ಕಿತ್ತ ಮರವೊಂದು ಪ್ರವಾಹದಲ್ಲಿ ತೇಲಿಬಂದು ಕಂಬಕ್ಕೆ ಬಡಿಯುತ್ತದೆ. ಮರ ಹಿಂದಕ್ಕೆ ಚಿಮ್ಮಿ ತಿರುಗುತ್ತದೆ, ಕಂಬ ಅಲುಗುವುದಿಲ್ಲ. ಚಲಿಸುವ ಚಿಕ್ಕದು ನಿಂತ ದೊಡ್ಡದನ್ನು ಕದಲಿಸಲಾರದು ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ.

ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ 1644ರಲ್ಲಿ ಇದನ್ನೇ ನಿಯಮವಾಗಿ ಬರೆದಿಟ್ಟನು. ನಿಂತ ವಸ್ತು ಕೊಂಚ ದೊಡ್ಡದಾಗಿದ್ದರೂ ಸಾಕು, ಚಿಕ್ಕದು ಎಷ್ಟೇ ವೇಗದಿಂದ ಬಂದರೂ ಸೋತು ಹಿಂದಿರುಗುವುದೆಂದು ಅವನ ಮತ. ದಾವಣಗೆರೆಯ ಬೀದಿಯಲ್ಲಿ ಗೋಲಿಯಾಡುವ ಹುಡುಗನೂ ಇದನ್ನು ಒಪ್ಪನು. ಸಣ್ಣ ಗೋಲಿ ಬಡಿದರೆ ದೊಡ್ಡ ಗೋಲಿ ಸರಿಯುವುದನ್ನು ಅವನು ದಿನವೂ ಕಂಡಿದ್ದಾನೆ.

1668ರಲ್ಲಿ, ಎಂದರೆ ನಮ್ಮ ಸೇತುವೆಗೆ ಸರಿಯಾಗಿ 200 ವರ್ಷ ಮೊದಲು, ಲಂಡನ್ನಿನ ರಾಯಲ್ ಸೊಸೈಟಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ವಾಲಿಸ್, ರೆನ್ ಮತ್ತು ಹಾಲೆಂಡಿನ ಹೈಗೆನ್ಸ್ ಉತ್ತರ ಕಳುಹಿಸಿದರು. ಹೈಗೆನ್ಸನ ಯುಕ್ತಿಗೆ ಬೇಕಾದದ್ದು ಒಂದು ದೋಣಿ ಮಾತ್ರ.

ಆ ದೋಣಿಯನ್ನು ತುಂಗಭದ್ರೆಯಲ್ಲಿಯೇ ತೇಲಿಬಿಡೋಣ. ಅದರಲ್ಲಿ ಕುಳಿತವನು ಒಂದೇ ತೂಕದ ಎರಡು ಗಟ್ಟಿ ಗುಂಡುಗಳನ್ನು ದಾರದಲ್ಲಿ ಹಿಡಿದು, ಸಮವೇಗದಿಂದ ಎದುರುಬದುರಾಗಿ ಬಡಿಸುತ್ತಾನೆ. ಎರಡೂ ಬಂದ ವೇಗದಲ್ಲಿಯೇ ಹಿಂದಿರುಗುತ್ತವೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ದೋಣಿಯೂ ಅದೇ ವೇಗದಿಂದ ಸಾಗುತ್ತಿದ್ದರೆ ದಡದಲ್ಲಿ ನಿಂತವನಿಗೆ ಕಾಣುವುದೇನು? ಒಂದು ಗುಂಡು ನಿಂತೇ ಇದೆ, ಇನ್ನೊಂದು ಇಮ್ಮಡಿ ವೇಗದಿಂದ ಬಂದು ಬಡಿಯಿತು. ಬಂದದ್ದು ನಿಂತಿತು, ನಿಂತದ್ದು ಹೊರಟಿತು. ಘಟನೆ ಒಂದೇ, ನೋಟ ಎರಡು. ಹಾಗಾದರೆ ‘ನಿಂತದ್ದು’ ಎಂಬುದು ವಸ್ತುವಿನ ಗುಣವಲ್ಲ, ನೋಡುವವನ ನೆಲೆಯ ಮಾತು. ನಿಂತದ್ದು ಎಷ್ಟೇ ದೊಡ್ಡದಿರಲಿ, ಬಂದದ್ದು ಎಷ್ಟೇ ಚಿಕ್ಕದಿರಲಿ, ಬಡಿದಾಗ ದೊಡ್ಡದೂ ಚಲಿಸಲೇಬೇಕೆಂದು ಹೈಗೆನ್ಸ್ ಹೇಳಿದನು.

ವಾಲಿಸ್ ವಿಚಾರಿಸಿದ್ದು ಪುಟಿಯದೆ ಕೂಡಿಕೊಳ್ಳುವ ವಸ್ತುಗಳನ್ನು. 1889ರಲ್ಲಿ ಬೆಂಗಳೂರಿನ ಕಡೆಯ ರೈಲುಹಳಿ ಹರಿಹರವನ್ನು ಮುಟ್ಟಿತಲ್ಲವೆ? ಅಂಥ ಹಳಿಯ ಮೇಲೆ ಉರುಳಿಬಂದ ಡಬ್ಬಿಯೊಂದು ಅಷ್ಟೇ ಭಾರದ ನಿಂತ ಡಬ್ಬಿಗೆ ತಗಲಿ ಕೊಂಡಿ ಬಿದ್ದರೆ, ಎರಡೂ ಅರ್ಧ ವೇಗದಿಂದ ಮುಂದೆ ಸಾಗುತ್ತವೆ. ಚಲನಶಕ್ತಿಯ ಅರ್ಧಭಾಗ ಸದ್ದು, ಶಾಖ, ಕಬ್ಬಿಣದ ನಡುಕಗಳಲ್ಲಿ ಕರಗುತ್ತದೆ.

ಹಾಗಾದರೆ ಸೇತುವೆಯ ಕಂಬ ಅಲುಗಲಿಲ್ಲವೇಕೆ? ಅದು ಒಂಟಿಯಲ್ಲ. ತಳದ ನೆಲದೊಡನೆ, ಅದರ ಮೂಲಕ ಭೂಮಿಯೊಡನೆಯೇ ಬೆಸೆದುಕೊಂಡಿದೆ. ಭೂಮಿಯ ಆ ಚಲನೆ ಯಾರ ಕಣ್ಣಿಗೂ ಬೀಳದಷ್ಟು ಅಲ್ಪ. ಆದರೆ ಮರ ತಿಂದಷ್ಟೇ ಪೆಟ್ಟನ್ನು ಕಂಬವೂ ತಿಂದಿರುತ್ತದೆ; ಅದನ್ನು ಕಲ್ಲುಗಾರೆ ಮೌನವಾಗಿ ತಾಳಿಕೊಳ್ಳುತ್ತದೆ. ಪ್ರವಾಹದ ವೇಗ ಇಮ್ಮಡಿಸಿದರೆ ಮರ ಹೊತ್ತುತರುವ ಶಕ್ತಿ ನಾಲ್ಮಡಿಯಾಗುತ್ತದೆ.

ಈ ಮಾತು ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ದಾವಣಗೆರೆಯ ನಡುವೆಯೇ ರೈಲುಹಳಿ ಹಾದುಹೋಗಿದೆ. ಹಳಿಯ ಮೇಲೆ ಗಾಡಿ ನಿಲ್ಲಿಸಿಕೊಂಡವನು ‘ನಾನು ನಿಂತೇ ಇದ್ದೆ’ ಎಂದರೆ ಪ್ರಕೃತಿ ಆ ವಾದವನ್ನು ಕೇಳುವುದಿಲ್ಲ. ರೈಲಿನಿಂದ ನೋಡಿದರೆ ಅವನೇ ಅದರತ್ತ ಧಾವಿಸಿ ಬರುತ್ತಿದ್ದಾನೆ!