ಅಮೆರಿಕ ವಲಸೆ ಅರ್ಜಿ: ಹೆಚ್ಚಿನ ದಾಖಲೆ ಕೇಳಿ ನೋಟಿಸು ಬಂದರೆ

ಕಲ್ಪೆಟ್ಟ: ಅಮೆರಿಕದ ಪೌರತ್ವ ಪಡೆದ, 21 ವರ್ಷ ತುಂಬಿದ ಮಕ್ಕಳು ಊರಿನಲ್ಲಿರುವ ತಂದೆ ತಾಯಿಗಾಗಿ ವಲಸೆ ಅರ್ಜಿ ಹಾಕಬಹುದು. ಹೀಗೆ ಹಾಕಿದ ಅರ್ಜಿಗೆ ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್‌ನಿಂದ ಕೆಲವೊಮ್ಮೆ 'ರಿಕ್ವೆಸ್ಟ್ ಫಾರ್ ಎವಿಡೆನ್ಸ್' ಎಂಬ ನೋಟಿಸು ಬರುತ್ತದೆ. ಅರ್ಜಿ ತಿರಸ್ಕೃತವಾಯಿತೆಂದು ಗಾಬರಿಯಾಗಬೇಕಿಲ್ಲ. ಕೊಟ್ಟ ದಾಖಲೆ ಸಾಲದು ಎಂಬುದಷ್ಟೇ ಇದರ ಅರ್ಥ.

ಗಡುವು: ನೋಟಿಸಿನಲ್ಲೇ ಕೊನೆಯ ದಿನಾಂಕ ಇರುತ್ತದೆ. ನಿಯಮದ ಪ್ರಕಾರ ಗರಿಷ್ಠ ಅವಧಿ 12 ವಾರ. ಇದನ್ನು ವಿಸ್ತರಿಸುವುದಿಲ್ಲ. ಉತ್ತರವನ್ನು ಆ ದಿನಾಂಕಕ್ಕೆ ಮೊದಲು ಅಂಚೆಗೆ ಹಾಕಿದರೆ ಸಾಲದು, ಕಚೇರಿಗೆ ತಲುಪಬೇಕು. ಎಲ್ಲ ದಾಖಲೆಗಳನ್ನೂ ಒಂದೇ ಬಾರಿಗೆ, ನೋಟಿಸನ್ನು ಮೇಲಿಟ್ಟು ಕಳಿಸಬೇಕು. ಅರ್ಧ ಕಳಿಸಿದರೆ ಇರುವ ದಾಖಲೆಯ ಮೇಲೆಯೇ ತೀರ್ಮಾನವಾಗುತ್ತದೆ.

ಜನನ ದಾಖಲೆ: ಹಿರಿಯರಿಗೆ ಹೆಚ್ಚು ತೊಡಕು ಇಲ್ಲಿಯೇ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಅನೇಕರ ಹೆಸರು ಪಂಚಾಯತಿ ಪುಸ್ತಕದಲ್ಲಿಲ್ಲ. ಅಂಥವರು ಮೊದಲು ಪಂಚಾಯತಿ ಅಥವಾ ನಗರಸಭೆಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಪಡೆಯಬೇಕು. ಬಳಿಕ ಶಾಲಾ ದಾಖಲೆ, ಚರ್ಚಿನ ಜ್ಞಾನಸ್ನಾನ ಪತ್ರ ಮುಂತಾದವನ್ನು ಕೊಡಬಹುದು. ಅವೂ ಇಲ್ಲದಿದ್ದರೆ, ವಿಷಯವನ್ನು ನೇರವಾಗಿ ಬಲ್ಲ ಇಬ್ಬರ ಪ್ರಮಾಣಪತ್ರ ಬೇಕು. ಈ ಇಬ್ಬರು ಅರ್ಜಿಯಲ್ಲಿ ಕಕ್ಷಿದಾರರಾಗಿರಬಾರದು. ಈಗ ತಡವಾಗಿ ನೋಂದಣಿ ಮಾಡಿಸಿದ ಪತ್ರವೊಂದನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದಲ್ಲ. ಜತೆಗೆ ಹಳೆಯ ದಾಖಲೆಯೂ ಇರಲಿ.

ಹೆಸರಿನ ವ್ಯತ್ಯಾಸ: ಶಾಲಾ ಪತ್ರದಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಎರಡೂ ಒಬ್ಬರದೇ ಎಂಬುದಕ್ಕೆ ಕೇರಳದ ಕಂದಾಯ ಇಲಾಖೆ 'ವನ್ ಅಂಡ್ ಸೇಮ್' ಸರ್ಟಿಫಿಕೇಟು ಕೊಡುತ್ತದೆ. ಅಕ್ಷಯ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸಬಹುದು.

ಅನುವಾದ: ಮಲಯಾಳ ಅಥವಾ ಕನ್ನಡದ ದಾಖಲೆಗೆ ಪೂರ್ಣ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಅನುವಾದ ಪೂರ್ಣ ಮತ್ತು ಸರಿಯಾಗಿದೆ, ತಾನು ಎರಡೂ ಭಾಷೆ ಬಲ್ಲೆ ಎಂದು ಅನುವಾದಕರು ಬರೆದು ಸಹಿ ಹಾಕಿರಬೇಕು.

ದಾಖಲೆ ಸಿಗಲಿಲ್ಲವೆಂದು ಸುಳ್ಳು ಪತ್ರ ಮಾಡಿಸುವುದು ಅಪಾಯ. ಸಿಕ್ಕಿಬಿದ್ದರೆ ಆಜೀವ ಪ್ರವೇಶ ನಿಷೇಧವೂ ಆಗಬಹುದು. ಅನುಮಾನವಿದ್ದರೆ ಅಮೆರಿಕದ ವಲಸೆ ವಕೀಲರನ್ನೇ ಕೇಳುವುದು ಲೇಸು.

2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಮನೆಗಳೊಂದಿಗೆ ಕಾಗದಪತ್ರಗಳೂ ಕೊಚ್ಚಿಹೋದವು. ಬದುಕುಳಿದವರಿಗೆ ದಾಖಲೆಗಳನ್ನು ಮತ್ತೆ ಮಾಡಿಕೊಡಲು ಸರಕಾರ ವಿಶೇಷ ಶಿಬಿರಗಳನ್ನೇ ನಡೆಸಬೇಕಾಯಿತು. ನೋಟಿಸು ಬರುವವರೆಗೆ ಕಾಯದೆ, ಮನೆಯ ಹಿರಿಯರ ಪತ್ರಗಳನ್ನು ಇಂದೇ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ದೂರದಲ್ಲಿರುವ ಮಕ್ಕಳ ಬಳಿ ಇರಿಸಿ.