ಹೆಗ್ಗೊಠಾರದ ತೊಂಬೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತೀರ್ಥಗಳಲ್ಲಿ ಹಂಸತೀರ್ಥವೂ ಒಂದು. ಕಾಗೆಯೊಂದು ಅದರಲ್ಲಿ ಮುಳುಗೆದ್ದು ಹಂಸವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಹಂಸವಾಗಬೇಕಾದ ಅಗತ್ಯ ಕಾಗೆಗೇನಿತ್ತು ಎಂಬ ಪ್ರಶ್ನೆ ಹಾಗಿರಲಿ; ಕಾಗೆ ಮುಟ್ಟಿದ್ದರಿಂದ ನೀರು ಕೆಟ್ಟಿತೆಂದು ಆ ಕಥೆಯಲ್ಲಿ ಯಾರೂ ಹೇಳುವುದಿಲ್ಲ.

ಅದೇ ಜಿಲ್ಲೆಯ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ 2022ರ ನವೆಂಬರಿನಲ್ಲಿ ಇದಕ್ಕೆ ತಿರುಗುಮುರುಗಾದ ಕಥೆ ನಡೆಯಿತು. ಮದುವೆಗೆಂದು ಹೊರಗಿನಿಂದ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಮೇಲ್ಜಾತಿಯವರ ಬೀದಿಯ ತೊಂಬೆಯಿಂದ ನೀರು ಕುಡಿದಳು. ತರುವಾಯ ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರದಿಂದ ತೊಳೆದರು. ಸುದ್ದಿ ಹಬ್ಬಿದ ಮೇಲೆ ತಹಸೀಲ್ದಾರರು ಬಂದು, ದಲಿತ ಯುವಕರನ್ನು ಕರೆದೊಯ್ದು ಊರಿನ ತೊಂಬೆಗಳ ನೀರು ಕುಡಿಸಿದರು. ಪ್ರಕರಣವೂ ದಾಖಲಾಯಿತು.

ಯಾರ ಮೈಮೇಲೂ ಗಾಯವಾಗಲಿಲ್ಲವಲ್ಲ, ಇದೆಂಥ ಅಪರಾಧ ಎಂದು ಓದು ಬಲ್ಲವರೂ ಕೇಳುವುದುಂಟು. ಉತ್ತರಕ್ಕೆ ಇತಿಹಾಸದಲ್ಲಿ ತುಸು ಹಿಂದೆ ಸರಿಯಬೇಕು. ಕೊಂಕಣ ಸೀಮೆಯ ಮಹಾಡದ ಪುರಸಭೆ ತನ್ನ ಚವದಾರ ಕೆರೆಯನ್ನು 1924ರಲ್ಲಿಯೇ ಎಲ್ಲರಿಗೂ ತೆರೆದಿತ್ತು. ತೆರೆದದ್ದು ಕಾಗದದ ಮೇಲೆ ಮಾತ್ರ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಕುಡಿದರು. ಹಿಂದಿರುಗುತ್ತಿದ್ದವರ ಮೇಲೆ ಹಲ್ಲೆಯಾಯಿತು. ಆಮೇಲೆ 108 ಕೊಡಗಳಲ್ಲಿ ಪಂಚಗವ್ಯ ಬೆರೆಸಿ ಕೆರೆಯನ್ನು 'ಶುದ್ಧಿ' ಮಾಡಿದರು. ಕೆರೆಯ ಮೇಲಣ ಹಕ್ಕಿನ ವ್ಯಾಜ್ಯ ಮುಂಬಯಿ ಹೈಕೋರ್ಟಿನಲ್ಲಿ ಇತ್ಯರ್ಥವಾಗಿ, ದಲಿತರ ಪಕ್ಷ ಗೆದ್ದದ್ದು 1937ರ ಮಾರ್ಚಿನಲ್ಲಿ. ಒಂದು ಗುಟುಕು ನೀರಿಗೆ ಹತ್ತು ವರ್ಷ!

ಹಲ್ಲೆಯ ಪೆಟ್ಟು ಬಿದ್ದದ್ದು ಕೆಲವರ ಮೇಲೆ. ಆ 108 ಕೊಡಗಳ ಪೆಟ್ಟು ಬಿದ್ದದ್ದು ಒಂದು ಜನಾಂಗದ ಮೇಲೆ. ಈಗ ನಾವು ದ್ವೇಷಾಪರಾಧವೆನ್ನುವುದರ ಗುರುತೇ ಇದು. ಗುರಿಯಾದವನು ಏನು ಮಾಡಿದ ಎಂಬುದಕ್ಕಿಂತ ಯಾರಿಗೆ ಹುಟ್ಟಿದ ಎಂಬುದು ಅಲ್ಲಿ ಮುಖ್ಯ. ನಮ್ಮ ಕಾನೂನು ಬಳಸುವ ಮಾತು 'ದೌರ್ಜನ್ಯ'. ದುರ್ಜನನ ನಡತೆ ಎಂಬಷ್ಟೇ ಅದರ ಅರ್ಥ. ಏಟು ತಿಂದವನು ಏಕೆ ತಿಂದ ಎಂಬುದನ್ನು ಅದು ಹೇಳದು. ಪದ ಸಾಲದಾದರೂ ಅದರ ಹಿಂದಿನ ಶಾಸನ ಗಟ್ಟಿಯಾದುದು.

ಬಾವಿ ಕೆರೆಗಳ ಹೆಸರು ಸಂವಿಧಾನದ 15ನೆಯ ವಿಧಿಯಲ್ಲಿಯೇ ಇದೆ; 17ನೆಯದು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಕಾಯಿದೆ ಸಾಲದೆಂದು ತಿಳಿದ ಮೇಲೆ 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂದಿತು. ನೀರಿಗೆ ಅಡ್ಡಿಪಡಿಸುವುದು, ಬಟ್ಟೆ ಕಳಚಿ ಮೆರವಣಿಗೆ ಮಾಡುವುದು ಮುಂತಾದುವನ್ನು ಅದು ಒಂದೊಂದಾಗಿ ಹೆಸರಿಸುತ್ತದೆ. ಈ ಎರಡನೆಯದು ಬರಿಯ ಕಲ್ಪನೆಯಲ್ಲ. ಗೋಪಾಲಸ್ವಾಮಿ ಬೆಟ್ಟವಿರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೇ 2019ರ ಜೂನಿನಲ್ಲಿ ದಲಿತನೊಬ್ಬನನ್ನು ಬೆತ್ತಲೆಗೊಳಿಸಿ, ಕೈಕಟ್ಟಿ ನಡೆಸಿದರು. ನಾಡಿಗೆ ಅದು ತಿಳಿದದ್ದು ವಿಡಿಯೊ ಹರಡಿದ ಮೇಲೆ.

ನೊಂದವರಿಗೆ ಆಸರೆ ಎಲ್ಲಿ? ದೂರನ್ನು ಬಾಯಲ್ಲಿ ಹೇಳಿದರೂ ಠಾಣೆಯಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ಪ್ರತಿ ಕೊಡಬೇಕು. ಉದ್ದೇಶಪೂರ್ವಕವಾಗಿ ಹಾಗೆ ಮಾಡದ ಅಧಿಕಾರಿಗೇ ಶಿಕ್ಷೆಯುಂಟು. ಮೊದಲು ವಿಚಾರಿಸಿ ನೋಡೋಣವೆಂಬ ಸಬೂಬಿಗೆ 2018ರ ತಿದ್ದುಪಡಿ ಎಡೆಯಿಟ್ಟಿಲ್ಲ. ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14566. 2015ರ ತಿದ್ದುಪಡಿ ಸಾಕ್ಷಿಗಳ ರಕ್ಷಣೆಯನ್ನೂ ಸರ್ಕಾರದ ಹೊಣೆಯಾಗಿಸಿತು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹಿರಿದು ಈ ರಕ್ಷಣೆಯೇ, ಏಕೆಂದರೆ ದೂರು ಕೊಟ್ಟವನು ಮರುದಿನವೂ ಅದೇ ಬೀದಿಯಲ್ಲಿ ನಡೆಯಬೇಕು, ಅದೇ ಅಂಗಡಿಯಲ್ಲಿ ಉಪ್ಪು ಕೊಳ್ಳಬೇಕು, ಅದೇ ಹೊಲದಲ್ಲಿ ಕೂಲಿ ಕೇಳಬೇಕು.

ಹೆಗ್ಗೊಠಾರಕ್ಕೆ ಬಂದಾಕೆ ನೆಂಟರ ಊರಿನ ಅತಿಥಿ. ಅಂಥವರು ಸಾಕ್ಷಿ ನುಡಿಯಲು ನ್ಯಾಯಾಲಯಕ್ಕೆ ಬಂದುಹೋಗುವ ಬಸ್ಸಿನ ಖರ್ಚನ್ನೂ ಆ ದಿನದ ಭತ್ಯೆಯನ್ನೂ 1995ರ ನಿಯಮಗಳು ಸರ್ಕಾರದ ಮೇಲೆಯೇ ಹೊರಿಸಿವೆ.