ಸಲಹಾ ಮಂಡಳಿ: ಹೊಸ ಕಂಪನಿಗೆ ಯಾರ ಹೆಸರು, ಯಾವ ಕೆಲಸಕ್ಕೆ



ನಮ್ಮ ಊರುಗಳ ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ನೌಕರಿ ಬಿಟ್ಟು ಸ್ವಂತ ಸ್ಟಾರ್ಟ್‌ಅಪ್ ತೆರೆಯುವುದು ಈಗ ಹೊಸದೇನಲ್ಲ. ಊರಿಗೆ ಬಂದಾಗ ನಿವೃತ್ತ ಪ್ರಾಧ್ಯಾಪಕರು, ವೈದ್ಯರು, ಬ್ಯಾಂಕ್ ಮ್ಯಾನೇಜರರ ಮನೆಗೆ ಹೋಗಿ "ನಮ್ಮ ಸಲಹಾ ಮಂಡಳಿಯಲ್ಲಿ ನಿಮ್ಮ ಹೆಸರಿರಲಿ ಸರ್" ಎಂದು ಕೇಳುತ್ತಾರೆ. ಹಿರಿಯರು ಸಂತೋಷದಿಂದ ಒಪ್ಪುತ್ತಾರೆ. ಒಪ್ಪಿದ ಮೇಲೆ ಏನು ಮಾಡಬೇಕೆಂಬುದು ಇಬ್ಬರಿಗೂ ಸ್ಪಷ್ಟವಿರುವುದಿಲ್ಲ. ಎರಡೂ ಕಡೆಯವರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒಟ್ಟುಮಾಡಿ ಕೊಡುತ್ತಿದ್ದೇವೆ.

ಮೊದಲು ಒಂದು ವ್ಯತ್ಯಾಸ. ನಿರ್ದೇಶಕ ಮಂಡಳಿ ಬೇರೆ, ಸಲಹಾ ಮಂಡಳಿ ಬೇರೆ. ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಇರಲೇಬೇಕು. ಅವರಿಗೆ ಮತವುಂಟು, ಸಹಿಯುಂಟು. ಅವರ ಕರ್ತವ್ಯಗಳನ್ನು 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಹೇಳುತ್ತದೆ. ಸಲಹಾ ಮಂಡಳಿ ಇರಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಸಲಹೆಗಾರರಿಗೆ ಮತವಿಲ್ಲ, ಅವರು ಹೇಳಿದ್ದನ್ನು ಕಂಪನಿ ಕೇಳಬಹುದು, ಬಿಡಬಹುದು. ಹಾಗೆಂದು ಪೂರ್ತಿ ನಿಶ್ಚಿಂತೆಯೂ ಅಲ್ಲ. ನಿರ್ದೇಶಕರು ಯಾರ ಮಾತಿನಂತೆ ನಡೆಯುವ ರೂಢಿ ಇಟ್ಟುಕೊಂಡಿದ್ದಾರೋ ಅವರನ್ನೂ ತಪ್ಪಿಗೆ ಹೊಣೆ ಮಾಡಲು 2(60)ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ವೃತ್ತಿಪರರಾಗಿ ಸಲಹೆ ಕೊಟ್ಟವರಿಗೆ ಅದರಲ್ಲಿ ವಿನಾಯಿತಿ ಉಂಟು. ಆದ್ದರಿಂದ ಸಲಹೆ ಕೊಡಿ, ಆಡಳಿತಕ್ಕೆ ಕೈಹಾಕಬೇಡಿ.

ಇನ್ನು ಮುಖ್ಯ ವಿಷಯ. ದೊಡ್ಡ ಹೆಸರುಗಳನ್ನು ಸಾಲಾಗಿ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಥೆರಾನೋಸ್ ಕಂಪನಿಗಿಂತ ಒಳ್ಳೆಯ ಉದಾಹರಣೆ ನಮಗೆ ಕಾಣಲಿಲ್ಲ. ಎಲಿಜಬೆತ್ ಹೋಮ್ಸ್ 2003ರಲ್ಲಿ, 19ನೇ ವಯಸ್ಸಿನಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓದು ಬಿಟ್ಟು ಅದನ್ನು ಕಟ್ಟಿದರು. ಬೆರಳಿನಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆ ಎಂಬುದು ಅವರ ಮಾತು. 2014ರ ಹೊತ್ತಿಗೆ ಕಂಪನಿಯ ಬೆಲೆಯನ್ನು ಸುಮಾರು 900 ಕೋಟಿ ಡಾಲರ್ ಎಂದು ಕಟ್ಟಿದ್ದರು.

ಅವರ ನಿರ್ದೇಶಕ ಮಂಡಳಿಯಲ್ಲಿ ಯಾರ್ಯಾರಿದ್ದರು ನೋಡಿ: ವಿದೇಶಾಂಗ ಸಚಿವರಾಗಿದ್ದ ಜಾರ್ಜ್ ಶುಲ್ಟ್ಸ್ ಮತ್ತು ಹೆನ್ರಿ ಕಿಸಿಂಜರ್, ರಕ್ಷಣಾ ಸಚಿವರಾಗಿದ್ದ ವಿಲಿಯಂ ಪೆರಿ, ಸೆನೆಟರ್ ಆಗಿದ್ದ ಸ್ಯಾಮ್ ನನ್, ಸೇನೆಯ ಜನರಲ್, ನೌಕಾಪಡೆಯ ಅಡ್ಮಿರಲ್, ಬ್ಯಾಂಕ್ ಮುಖ್ಯಸ್ಥರು. ವೈದ್ಯರು ಇರಲಿಲ್ಲವೆಂದಲ್ಲ, ಹೃದಯ ಶಸ್ತ್ರಚಿಕಿತ್ಸಕ ಬಿಲ್ ಫ್ರಿಸ್ಟ್, ಸಾಂಕ್ರಾಮಿಕ ರೋಗಗಳ ತಜ್ಞ ವಿಲಿಯಂ ಫೇಗಿ ಇದ್ದರು. ಆದರೆ ರಕ್ತಪರೀಕ್ಷೆಯ ಪ್ರಯೋಗಾಲಯ ನಡೆಸಿ ಬಲ್ಲ, ಯಂತ್ರ ಕೊಟ್ಟ ಅಂಕಿ ಸರಿಯೋ ತಪ್ಪೋ ಎಂದು ಹೇಳಬಲ್ಲ ಪರಿಣತರು ಇರಲಿಲ್ಲ. ಆ ಮಂಡಳಿಯ ಘನತೆ ನೋಡಿಯೇ ಹಣ ಹಾಕುವವರು ನಂಬಿದರು.

ಹೋಮ್ಸ್‌ಗೆ ನಿಜವಾದ ಸಲಹೆ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. ವಿದ್ಯಾರ್ಥಿಯಾಗಿದ್ದಾಗಲೇ ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ಸೋಂಕು ಪತ್ತೆಹಚ್ಚಿ ಔಷಧವನ್ನೂ ಕೊಡುವ ಆಲೋಚನೆ ಹಿಡಿದು ವೈದ್ಯಕೀಯ ಪ್ರಾಧ್ಯಾಪಕಿ ಫಿಲಿಸ್ ಗಾರ್ಡ್‌ನರ್ ಬಳಿ ಹೋಗಿದ್ದರು. ಇದು ಆಗುವ ಕೆಲಸವಲ್ಲ ಎಂದು ಆಕೆ ನೇರವಾಗಿ ಹೇಳಿದರು. ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕ ಚಾನಿಂಗ್ ರಾಬರ್ಟ್‌ಸನ್ ಹುರಿದುಂಬಿಸಿದರು. ಕಂಪನಿಯೊಳಗೆ ಬಂದವರು ರಾಬರ್ಟ್‌ಸನ್. ನಮ್ಮ ದೃಷ್ಟಿಯಲ್ಲಿ ಹೊಸ ಕಂಪನಿಗೆ ಮೊದಲು ಬೇಕಾದ ಸಲಹೆಗಾರರು ಗಾರ್ಡ್‌ನರ್ ಅಂಥವರೇ.

ಜಾರ್ಜ್ ಶುಲ್ಟ್ಸ್ ಅವರ ಸ್ವಂತ ಮೊಮ್ಮಗ ಟೈಲರ್ ಅಲ್ಲೇ ಕೆಲಸಕ್ಕಿದ್ದ. ಪರೀಕ್ಷೆಗಳು ಸರಿ ಬರುತ್ತಿಲ್ಲವೆಂದು ತಾತನಿಗೆ ಹೇಳಿದ. ತಾತ ಮೊಮ್ಮಗನನ್ನು ನಂಬಲಿಲ್ಲ, ಹೋಮ್ಸ್‌ರನ್ನು ನಂಬಿದರು. 2015ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ವಿಷಯ ಹೊರಗೆಡವಿತು; ಹೆಚ್ಚಿನ ಪರೀಕ್ಷೆಗಳು ಬೇರೆ ಕಂಪನಿಗಳ ಮಾಮೂಲಿ ಯಂತ್ರಗಳಲ್ಲೇ ನಡೆಯುತ್ತಿದ್ದವು. ಪ್ರಯೋಗಾಲಯ ಬಲ್ಲ ತಜ್ಞರ ವೈಜ್ಞಾನಿಕ ಸಲಹಾ ಮಂಡಳಿಯನ್ನು ಕಂಪನಿ ಪ್ರಕಟಿಸಿದ್ದು 2016ರ ಏಪ್ರಿಲಿನಲ್ಲಿ, ಅಂದರೆ ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. 2018ರಲ್ಲಿ ಕಂಪನಿ ಮುಚ್ಚಿತು. 2022ರಲ್ಲಿ ಹೋಮ್ಸ್‌ಗೆ 11 ವರ್ಷ ಮೀರಿದ ಸೆರೆವಾಸದ ಶಿಕ್ಷೆಯಾಯಿತು. ನಡುವೆ ತಪ್ಪು ವರದಿ ಕೈಗೆ ಬಂದ ರೋಗಿಗಳ ಗತಿ ಏನು, ಯೋಚಿಸಿ.

ಇದಕ್ಕೆ ವಿರುದ್ಧವಾದ ಉದಾಹರಣೆ 1978ರಲ್ಲಿ ಹುಟ್ಟಿದ ಬಯೋಜೆನ್. ಅದನ್ನು ಕಟ್ಟಿದವರೇ ವಿಜ್ಞಾನಿಗಳು: ವಾಲ್ಟರ್ ಗಿಲ್ಬರ್ಟ್, ಫಿಲಿಪ್ ಶಾರ್ಪ್, ಚಾರ್ಲ್ಸ್ ವೈಸ್‌ಮನ್ ಮುಂತಾದವರು. ಯಾವ ಸಂಶೋಧನೆ ಹಿಡಿಯಬೇಕೆಂದು ಅವರ ವೈಜ್ಞಾನಿಕ ಮಂಡಳಿಯೇ ಕೂತು ಚರ್ಚಿಸುತ್ತಿತ್ತು. ಗಿಲ್ಬರ್ಟ್, ಶಾರ್ಪ್ ಇಬ್ಬರಿಗೂ ಮುಂದೆ ನೊಬೆಲ್ ಬಂತು, ಆದರೆ ಕಂಪನಿಗೆ ನೆರವಾದದ್ದು ಪದಕವಲ್ಲ, ಪ್ರಯೋಗಾಲಯದ ಅನುಭವ.

ನಮ್ಮ ಮಕ್ಕಳ ಸಣ್ಣ ಕಂಪನಿಗೆ ಮೂರರಿಂದ ಐದು ಜನ ಧಾರಾಳ. ಒಬ್ಬರು ಆ ತಂತ್ರಜ್ಞಾನವನ್ನೇ ಬಲ್ಲವರು, ಒಬ್ಬರು ಅದನ್ನು ಕೊಳ್ಳುವ ಜನರನ್ನು ಬಲ್ಲವರು, ಇನ್ನೊಬ್ಬರು ಆ ಕ್ಷೇತ್ರದ ಸರ್ಕಾರಿ ಪರವಾನಗಿ, ನಿಯಮ ಬಲ್ಲವರು. ಅಡಿಕೆ ಒಣಗಿಸುವ ಯಂತ್ರ ಮಾಡುವವನಿಗೆ ನಿವೃತ್ತ ಐಎಎಸ್ ಅಧಿಕಾರಿಗಿಂತ ಮೂವತ್ತು ವರ್ಷ ಅಡಿಕೆ ಸುಲಿಸಿ ಮಾರಿದ ತೋಟದ ಯಜಮಾನರೇ ಹೆಚ್ಚು ಹೇಳಬಲ್ಲರು. ಮೂರು ತಿಂಗಳಿಗೊಮ್ಮೆ ಸೇರಿ. ಒಂದು ವಾರ ಮುಂಚೆ ಪ್ರಶ್ನೆಗಳನ್ನು ಬರೆದು ಕಳಿಸಿ, ಕೆಟ್ಟ ಅಂಕಿಗಳನ್ನೂ ಸೇರಿಸಿ. "ಹೇಗಿದೆ ಸರ್ ನಮ್ಮ ಪ್ರಾಡಕ್ಟ್?" ಎಂದು ಕೇಳಿದರೆ "ಚೆನ್ನಾಗಿದೆಯಪ್ಪ" ಎಂಬ ಉತ್ತರವೇ ಬರುವುದು. ಸಭೆಯ ನಡಾವಳಿ ಬರೆದಿಡಿ. ಯಾರು ಬೇಡವೆಂದರು, ಏಕೆ ಬೇಡವೆಂದರು ಎಂಬುದನ್ನು ತಪ್ಪದೆ ದಾಖಲಿಸಿ. ಕಡತಗಳ ನಡುವೆ ಆಯುಸ್ಸು ಕಳೆದ ಗುಮಾಸ್ತರ ಹಟವೆಂದು ಯುವಕರು ನಕ್ಕರೂ ಪರವಾಗಿಲ್ಲ.

ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ. ಎರಡು ಪುಟದ ಪತ್ರ ಸಾಕು: ಅವಧಿ ಎಷ್ಟು, ತಿಂಗಳಿಗೆ ಎಷ್ಟು ಗಂಟೆ, ಗುಟ್ಟು ಕಾಯುವ ಷರತ್ತು, ಸಲಹೆಗಾರರು ಸೂಚಿಸಿದ ಹೊಸ ವಿಧಾನದ ಹಕ್ಕು ಯಾರದು, ಇಂಥದೇ ಬೇರೆ ಕಂಪನಿಯಲ್ಲಿ ಅವರಿದ್ದಾರೆಯೇ, ಹೆಸರು ಮತ್ತು ಫೋಟೊವನ್ನು ಎಲ್ಲಿ ಬಳಸಬಹುದು, ಬಿಟ್ಟುಹೋದ ಮೇಲೆ ತೆಗೆಯುವುದು ಯಾವಾಗ. ಸರ್ಕಾರಿ ಅಥವಾ ವಿಶ್ವವಿದ್ಯಾಲಯದ ನೌಕರಿಯಲ್ಲಿ ಇರುವವರು ಮೇಲಧಿಕಾರಿಗಳ ಲಿಖಿತ ಅನುಮತಿ ಪಡೆದೇ ಸೇರಬೇಕು.

ಪ್ರತಿಫಲದ ವಿಚಾರ. ಅಮೆರಿಕದ ಫೌಂಡರ್ ಇನ್‌ಸ್ಟಿಟ್ಯೂಟ್‌ನ ಮಾದರಿ ಕರಾರಿನಲ್ಲಿ ಸಲಹೆಗಾರರಿಗೆ ಶೇ. 0.15ರಿಂದ ಶೇ. 1ರವರೆಗೆ ಪಾಲು, ಅದೂ ಎರಡು ವರ್ಷದಲ್ಲಿ ಹಂತಹಂತವಾಗಿ. ಇದನ್ನು ಅಂತರ್ಜಾಲದಿಂದ ಹಾಗೇ ಇಳಿಸಿಕೊಂಡು ಸಹಿ ಹಾಕಬೇಡಿ. ನಮ್ಮ ದೇಶದ ನಿಯಮದಲ್ಲಿ ಇಸಾಪ್ ಎಂಬ ಷೇರು ಯೋಜನೆ ಇರುವುದು ನೌಕರರಿಗೆ ಮತ್ತು ನಿರ್ದೇಶಕರಿಗೆ; ಹೊರಗಿನ ಸಲಹೆಗಾರರು ಅದರೊಳಗೆ ಬರುವುದಿಲ್ಲ. ಷೇರನ್ನೇ ಕೊಡುವುದಾದರೆ ಬೇರೆ ದಾರಿ ಹುಡುಕಬೇಕು, ಅದಕ್ಕೆ ಕಂಪನಿ ಸೆಕ್ರೆಟರಿಯನ್ನು ಕಾಣಿ. ಶುಲ್ಕ ಕೊಟ್ಟು ಟಿಡಿಎಸ್ ಹಿಡಿಯುವುದು ಸರಳ.

ತಜ್ಞರು ಎಲ್ಲಿ ಸಿಗುತ್ತಾರೆ? ಕಾಸರಗೋಡಿನವರಿಗೆ ಮನೆ ಬಾಗಿಲಲ್ಲೇ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಇದೆ. ತೆಂಗು, ಅಡಿಕೆ, ಕೋಕೋ ವಿಷಯಕ್ಕೆ ಅದಕ್ಕಿಂತ ಬೇರೆ ಬೇಡ. ಕೇರಳ ಸ್ಟಾರ್ಟ್‌ಅಪ್ ಮಿಷನ್ ಕೂಡ ಇದೆ. ಹೊಸೂರಿನವರು ಐಐಟಿ ಮದ್ರಾಸಿನ ಇನ್‌ಕ್ಯುಬೇಷನ್ ಸೆಲ್ ನೋಡಬಹುದು. ಹೊಸೂರಿನಲ್ಲಿ ಸ್ಕೂಟರ್ ತಯಾರಿಸುವ ಏಥರ್ ಕಂಪನಿ 2013ರಲ್ಲಿ ಚಿಗುರಿದ್ದು ಅಲ್ಲಿಯೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆಯ ವೆಂಚರ್ ಸೆಂಟರ್, ತೆಲಂಗಾಣದವರಿಗೆ ಹೈದರಾಬಾದಿನ ಟಿ-ಹಬ್, ಮಡಕಶಿರಾ, ರಾಯದುರ್ಗದ ಕಡೆಯವರಿಗೆ ಜೀವವಿಜ್ಞಾನದ ಕೆಲಸವಾದರೆ ಬೆಂಗಳೂರಿನ ಸಿ-ಕ್ಯಾಂಪ್ ಹತ್ತಿರ. ಕೇಂದ್ರ ಸರ್ಕಾರದ ಸ್ಟಾರ್ಟ್‌ಅಪ್ ಇಂಡಿಯಾದ 'ಮಾರ್ಗ್' ಪೋರ್ಟಲ್‌ನಲ್ಲಿ ಯಾವ ರಾಜ್ಯದವರಾದರೂ ಮಾರ್ಗದರ್ಶಕರನ್ನು ಹುಡುಕಬಹುದು. ಸಲಹೆ ಕೊಡಲು ಸಿದ್ಧರಿರುವ ನಮ್ಮ ಹಿರಿಯ ಸದಸ್ಯರೂ ಅಲ್ಲಿ ಅರ್ಜಿ ಹಾಕಬಹುದು.